ಒರೆಸಿದ ಬೊಟ್ಟು

ಪೆರಂಬೂರು
ಶುಕ್ರವಾರ

ಗಂಗಾಧರ ಭಾವನಿಗೆ ಲೋಹಿತ ಮಾಡೋ ನಮಸ್ಕಾರ.

ನೀವು ಫೋನ್ ಎತ್ತಲ್ಲ, ಅದಕ್ಕೇ ಈ ಕಾಗದ. ಕಾರ್ ಸಾಮಾನಿನ ಅಂಗಡಿ ಓನರ್ ನನ್ನನ್ನ ಇನ್ನು ಕೆಲಸಕ್ಕೆ ಬರಬೇಡ ಅಂದುಬಿಟ್ರು. "ಸ್ವಂತ ಭಾವನ ಕಾರಿಗೇ ಸೆನ್ಸರ್ ನೆಟ್ಟಗೆ ಹಾಕೋಕೆ ಬರಲ್ವಾ ತಂಬಿ?" ಅಂತ ಕೇಳಿದಾಗ ನೀವು ಪಕ್ಕದಲ್ಲೇ ಟೀ ಕುಡೀತಿದ್ರಿ.

ಕನ್ನಡಿಯಲ್ಲಿ ಕಾಣದ ಗಾಡಿ ಪಕ್ಕಕ್ಕೆ ಬಂದ್ರೆ ಕೂಗ್ಲಿ ಅಂತ ಹಿಂದಿನ ಬಂಪರಿಗೆ ಅದನ್ನ ಹಾಕಿದ್ದು ನಾನೇ. ಆಯುಧಪೂಜೆ ದಿನ ನೀವು, ಗುಂಡಗೆ ಚೆನ್ನಾಗಿದೆ ಅಂತ, ಸೆನ್ಸರ್ ಮೇಲೇ ಗಂಧ ಮೆತ್ತಿ ಕುಂಕುಮ ಇಟ್ರಿ. "ಒರೆಸಿ ಭಾವ, ಅದಕ್ಕೆ ಕಣ್ಣು ಕಾಣಲ್ಲ" ಅಂದೆ. "ಪೂಜೆ ಬೊಟ್ಟು ಒರೆಸಬಾರದು ಕಣೋ, ಅದಾಗೇ ಉದುರಲಿ" ಅಂದ್ರಿ.

ಎಣ್ಣೂರು ರೋಡಲ್ಲಿ ಆ ಬೈಕ್ ಹುಡುಗನಿಗೆ ಗುದ್ದಿದ ಮೇಲೆ, ಸೆನ್ಸರ್ ಕೂಗಲೇ ಇಲ್ಲ ಅಂತ ಕಾರನ್ನ ಅಂಗಡಿಗೆ ತಂದ್ರಲ್ಲ, ಬಂಪರ್ ತೊಳೆದು ಥಳಥಳ ಅಂತಿತ್ತು. ಸೆನ್ಸರ್ ಸುತ್ತ ಸಂದಿಯಲ್ಲಿ ಮಾತ್ರ ಕುಂಕುಮ ಉಳಿದಿತ್ತು. ನಾನು ಅದನ್ನ ನೋಡಿದ್ದು ನಿಮಗೂ ಗೊತ್ತು.

ಅಕ್ಕ ಕಾರಲ್ಲೇ ಕೂತಿದ್ಲು, ಅದಕ್ಕೆ ಬಾಯಿ ಬಿಡಲಿಲ್ಲ. ಸೋಮವಾರ ಬಂದು ಓನರ್ ಹತ್ರ ಬೊಟ್ಟಿನ ವಿಷಯ ನೀವೇ ಹೇಳಿ. ಆ ಹುಡುಗನ ಕಾಲಿಗೆ ಪ್ಲಾಸ್ಟರ್ ಹಾಕಿದಾರಂತೆ, ಆಸ್ಪತ್ರೆಗೂ ಹೋಗಿ ಬನ್ನಿ.

ಕಾರಿಗೆ ಬೇರೇನೂ ಮಾಡಿಸಬೇಡಿ. ಬೊಟ್ಟು ಒರೆಸಿದೀರಲ್ಲ, ಈಗ ಸರಿಯಾಗೇ ಕೂಗುತ್ತೆ.

ನಿಮ್ಮ ಬಾಮೈದ,
ಲೋಹಿತ