ಬುಧವಾರದ ಫೈಲು

ಹಾಸನ, ಗುರುವಾರ

ಮನೆ ಮಾಲೀಕರಾದ ಬಸವೇಶ ಅವರಿಗೆ,

ಈ ಬೆಳಿಗ್ಗೆ ನಮ್ಮ ಮಹಡಿಯ ಕ್ಯಾಮೆರಾದ ಕುತ್ತಿಗೆಯಲ್ಲಿದ್ದ ಜೇಡರ ಬಲೆ ಹರಿದಿತ್ತು. ಸದಾ ಗೇಟಿನತ್ತಲೇ ನೋಡುವ ಕ್ಯಾಮೆರಾ ಯಾವಾಗ ತಿರುಗಿತು ಎಂದುಕೊಂಡೆ.

ನಿನ್ನೆ ಆ ಕ್ಯಾಮೆರಾದ ವಿಡಿಯೊಗಳಿದ್ದ ಪೆನ್‌ಡ್ರೈವ್ ಕೊಡುವಾಗ ನೀವು, “ಕಳ್ರ ಕಾಟ ಕಣವ್ವ. ಫೈಲಿಗೆಲ್ಲಾ ಬರೀ ವಾರದ ಹೆಸ್ರವೆ, ತಾರೀಕು ಆಕ್ಕೊಡು. ನೀನು ಬಾಯಿಲ್ದ ಮಗ, ತೆಗ್ದು ನೋಡಾಕ್ ಓಗಲ್ಲ” ಎಂದಿರಿ. ನಾನು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಡೌನ್‌ಲೋಡ್ ಮಾಡಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಪ್ರತಿ ವಾರದ ಹೆಸರಿಗೂ ತಾರೀಕು ಸಿಗುತ್ತದೆ. ನೀವು ಡೌನ್‌ಲೋಡ್ ಮಾಡಿದ್ದೇ ಬುಧವಾರ. ಹಾಗಾಗಿ ಬುಧವಾರದ ಫೈಲು ನಿನ್ನೆಯದೋ ಹಿಂದಿನ ವಾರದ್ದೋ ಎಂದು ತಿಳಿಯಲು ಅದನ್ನು ತೆರೆಯಲೇಬೇಕಾಯಿತು.

ಅದರಲ್ಲಿ ಪಕ್ಕದ ಕೋಣೆಯ ಪ್ರೇಕ್ಷಾ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬರುತ್ತಾಳೆ. ಅವಳು ಭಾನುವಾರವೇ ಅರಕಲಗೂಡಿಗೆ ಹೋದವಳು, ಆದ್ದರಿಂದ ಅದು ಹಿಂದಿನ ವಾರದ್ದು. ಕ್ಯಾಮೆರಾ ಅವಳ ಹಿಂದೆಯೇ ತಿರುಗಿ, ಅವಳನ್ನು ದೊಡ್ಡದಾಗಿ ತೋರಿಸುತ್ತಾ ಹೋಗುತ್ತದೆ. ಯಾರೋ ಫೋನಿನಿಂದ ತಿರುಗಿಸದೆ ಹಾಗಾಗುವುದಿಲ್ಲ, ಆ ಕ್ಯಾಮೆರಾ ಇರುವುದು ನಿಮ್ಮ ಫೋನಿನ ಹಿಡಿತದಲ್ಲಿ ಮಾತ್ರ. ಪೆನ್‌ಡ್ರೈವ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೆ. ನಿಮ್ಮ ಮನೆಯವರು ಕಳಿಸಿದ ಉಪ್ಪಿಟ್ಟನ್ನು ತಿನ್ನದೆ, ತಟ್ಟೆಯನ್ನು ಹಾಗೆಯೇ ಮೆಟ್ಟಿಲ ಮೇಲೆ ಇಟ್ಟಿದ್ದೇನೆ.

ಉಳಿದ ಫೈಲುಗಳನ್ನೂ ನೋಡಿ, ಎಲ್ಲಕ್ಕೂ ಸರಿಯಾದ ತಾರೀಕು ಹಾಕಿದ್ದೇನೆ. ದಯವಿಟ್ಟು ಪ್ರೇಕ್ಷಾಳ ಹೆಸರನ್ನು ಯಾರ ಮುಂದೆಯೂ ಎತ್ತಬೇಡಿ. ಅವಳಿಗೆ ನಾನೇ ಹೇಳುತ್ತೇನೆ. ಶುಕ್ರವಾರದ ಫೈಲಿನಲ್ಲಿ ನಾನೂ ಇದ್ದೇನೆ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ನಾನು ಪೆನ್‌ಡ್ರೈವ್ ಹಿಡಿದು ಮಹಿಳಾ ಠಾಣೆಯಲ್ಲಿರುತ್ತೇನೆ. ದೂರು ನನ್ನ ಹೆಸರಿನಲ್ಲೇ ಇರುತ್ತದೆ.

ಇಂತಿ,
ಮಹಡಿ ಕೋಣೆಯ ಮೇಘಶ್ರೀ