ಒಡಪಿನೊಳಗಿನ ಹೆಸರು

ಫೆಬ್ರುವರಿ 30, 2156
ಗದಗ–ಬೆಟಗೇರಿ

ಶಶಿಕಲಾ ಆಯಿಗೆ, ನಿಮ್ಮ ಮೊಮ್ಮಗಳ ಮಗಳು ನೀಲಾಂಬಿಕಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಕೊಡುತ್ತಾರೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರ ಎನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಿನವರಿಗೆ ಕಾಗದ ಬರೆಯುವುದಕ್ಕೆ ನಾವು ಹಿಂಬರಹ ಎನ್ನುತ್ತೇವೆ. ಅದು ಮುಟ್ಟುತ್ತದೆ ಎಂದು ಯಾರೂ ಖಾತ್ರಿ ಕೊಟ್ಟಿಲ್ಲ. ಇದನ್ನು ಓದುವಾಗ ನೀವು ಮದುವೆಯಾಗಿ ತಿಂಗಳೂ ತುಂಬದ ಹುಡುಗಿ, ನಾನು ಅರವತ್ತು ದಾಟಿದ ಮುದುಕಿ. ಆದರೂ ನೀವು ನನಗೆ ಆಯಿಯೇ. ಬಹುವಚನ ಬಿಡಲು ಮನಸ್ಸು ಬಾರದು.

ವಿಷಯಕ್ಕೆ ಬರುತ್ತೇನೆ. ಸ್ಟುಡಿಯೋದವರು ಈ ವಾರ ನಿಮ್ಮನ್ನು ಕೇಳಲಿದ್ದಾರೆ: ಮದುವೆಯ ವಿಡಿಯೋವನ್ನು ಡಿಸ್ಕಿಗೆ ಹಾಕಿ ಕೊಡಬೇಕೋ, ಬರೀ ಲಿಂಕ್ ಕಳಿಸಿದರೆ ಸಾಕೋ ಎಂದು. ನೀವು ಲಿಂಕ್ ಸಾಕು ಎನ್ನುತ್ತೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಗಂಡನ ಮನೆಗೆ ಕಾಲಿಟ್ಟ ಹೊಸದರಲ್ಲೇ ಸೀರೆ ಇಡಲು ಜಾಗ ಹುಡುಕಿ, ಕಪಾಟು ತೆರೆದಲ್ಲೆಲ್ಲ ಕ್ಯಾಸೆಟ್ಟು, ಸಿನಿಮಾ ಡಿಸ್ಕು, ಗೇಮಿನ ಡಬ್ಬಿಗಳೇ ಕಂಡರೆ ಯಾವ ಹೆಣ್ಣಿಗಾದರೂ ತಲೆ ಕೆಡುತ್ತದೆ. ನಿಮ್ಮ ಗಂಡ, ಅಂದರೆ ನಮ್ಮ ಮುತ್ಯಾ, ತನ್ನ ಅಪ್ಪನ ಕ್ಯಾಸೆಟ್ ಅಂಗಡಿ ಮುಚ್ಚಿದಾಗ ಇದ್ದದ್ದೆಲ್ಲ ಮನೆಗೆ ತಂದು ತುಂಬಿದ್ದ ಎಂದು ಕೇಳಿದ್ದೇನೆ. ಅದರ ಮೇಲೆ ಇನ್ನೊಂದು ಡಿಸ್ಕು ಯಾರಿಗೆ ಬೇಕು ಅನ್ನಿ.

ನಮ್ಮಲ್ಲಿ ಆ ಆಯ್ಕೆಯೇ ಇಲ್ಲ. ನಿಮ್ಮ ಮನೆಯಲ್ಲಿರುವಂಥದ್ದಕ್ಕೆ ನಾವು ಗಟ್ಟಿಪ್ರತಿ ಎನ್ನುತ್ತೇವೆ, ನಾನು ಅದನ್ನು ವಸ್ತುಸಂಗ್ರಹಾಲಯದ ಗಾಜಿನಾಚೆ ಮಾತ್ರ ನೋಡಿದ್ದೇನೆ. ನಮಗಿರುವುದು ಗಾಳಿಪ್ರತಿ. ಹಾಡು ಗೋಡೆಯಿಂದ ಬರುತ್ತದೆ, ಸಿನಿಮಾ ಕಿಟಕಿಯ ಗಾಜಿನ ಮೇಲೆ ಮೂಡುತ್ತದೆ, ಯಾವುದೂ ನಮ್ಮದಲ್ಲ. ಕಳೆದ ವರ್ಷ ಕೇಳಿದ ಹಾಡು ಈ ವರ್ಷ ಹಾಗೇ ಇರುವುದಿಲ್ಲ. ಯಾರೋ ಅದನ್ನು ತೊಳೆದು ಇಸ್ತ್ರಿ ಮಾಡಿ ಇಟ್ಟಿರುತ್ತಾರೆ. ಹಾಡುವವರು ಉಸಿರೆಳೆದುಕೊಂಡ ಸದ್ದು ಹೋಗಿರುತ್ತದೆ, ಒಂದು ಚರಣ ಹೋಗಿರುತ್ತದೆ. ನಾನೂ ನನ್ನ ಯಜಮಾನರೂ ಕೂಡಿ ಒಂದು ಹಾಡು ಗುನುಗಲು ಹೋದರೆ ಜಗಳಕ್ಕೆ ನಿಲ್ಲುತ್ತೇವೆ, ಏಕೆಂದರೆ ಅವರು ಕೇಳಿದ್ದೇ ಬೇರೆ, ನಾನು ಕೇಳಿದ್ದೇ ಬೇರೆ. ನನ್ನ ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಗೇಮು ಒಂದು ಬೆಳಗ್ಗೆ ಇರಲೇ ಇಲ್ಲ. ಅದರಲ್ಲಿ ಅವಳು ಕಟ್ಟಿದ ಊರೂ ಇರಲಿಲ್ಲ. ಸತ್ತವರಿಗೆ ಅಳುವಂತೆ ಅತ್ತಳು, ನಾನು ಅವಳ ಜೊತೆ ಕೂತು ಅತ್ತೆ.

ನಿಮ್ಮ ಮದುವೆಯ ವಿಡಿಯೋ ಮಾತ್ರ ಅದೃಷ್ಟಕ್ಕೆ ಉಳಿದಿದೆ. ಎಷ್ಟು ಸಲ ನೋಡಿದ್ದೇನೋ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಈಚೆ ನೀವು, ಬಾಗಿಲಿಗೆ ಅಡ್ಡ ಕೈಹಿಡಿದು ನಿಂತ ನಾದಿನಿ. "ಅಣ್ಣನ ಹೆಸರು ಹೇಳಿ ಒಳಗ ಬಾ ವೈನಿ, ಇಲ್ಲಾಂದ್ರ ಇಲ್ಲೇ ನಿಂದ್ರು" ಎನ್ನುತ್ತಾಳೆ. ಹಿಂದಿನಿಂದ ಯಾರೋ, "ಒಡಪು ಹಾಕಿ ಹೇಳಬೇಕ್ವಾ, ಹಂಗ ನಡಿಯೂದಿಲ್ಲ" ಎಂದು ಕಾಲೆಳೆಯುತ್ತಾರೆ. ನೀವು ಸೆರಗು ಸರಿಮಾಡಿಕೊಂಡು, ನಗು ತಡೆದು, ಪ್ರಾಸ ಕಟ್ಟಿ ಹೇಳುತ್ತೀರಿ: "ಕಪಾಟ ತುಂಬ ಕ್ಯಾಸೆಟ್ಟಿನ ಸಾಲು..." ಆಮೇಲೆ ಏನೂ ಕೇಳುವುದಿಲ್ಲ. ನಿಮ್ಮ ತುಟಿ ಮಸುಕಾಗುತ್ತದೆ. ಮತ್ತೆ ದನಿ ಬಂದಾಗ "...ಅವರ ಮನ್ಯಾಗ ಇಡತೇನಿ ಬಲಗಾಲು" ಎನ್ನುತ್ತಿದ್ದೀರಿ, ಎಲ್ಲರೂ ಹೋ ಎಂದು ನಗುತ್ತಿದ್ದಾರೆ.

ಆ ನಡುವಿನ ಹೆಸರನ್ನು ತಿಂದದ್ದು ಮರೆ ಕಾಯಿದೆ. ತೀರಿಹೋದವರ ಹೆಸರು ಯಾರ್ಯಾರ ಬಾಯಿಗೋ ಬೀಳಬಾರದೆಂದು, ಗಾಳಿಯಲ್ಲಿಟ್ಟ ದಾಖಲೆಗಳಲ್ಲೆಲ್ಲ ಅದನ್ನು ಅಳಿಸುತ್ತಾರೆ. ವಾರಸುದಾರರು ಕೇಳಿದರೆ ತೆರೆಯುತ್ತಾರೆ. ಕೇಳಿದೆ. ಸಹಾಯದ ದನಿ ಬಹಳ ವಿನಯದಿಂದ, ಯಾವ ಹೆಸರನ್ನು ತೆರೆಯಬೇಕೋ ಅದನ್ನು ದಯವಿಟ್ಟು ಹೇಳಿ ಎಂದಿತು.

ಹೆಸರು ಮನೆಯವರಿಗಾದರೂ ಗೊತ್ತಿರಬೇಕಲ್ಲ ಎನ್ನುತ್ತೀರಿ. ಎಲ್ಲಿಂದ ಬರಬೇಕು? ನೀವು ಜನ್ಮವಿಡೀ ಅವರನ್ನು "ಇವರು", "ನಮ್ಮನಿಯವರು" ಎಂದಿರಿ. ನಿಮ್ಮ ಮಗಳು ಅಪ್ಪಾ ಎಂದಳು. ನನ್ನ ಅವ್ವನಿಗೆ ಈಗ ತೊಂಬತ್ತು, ಮುತ್ಯಾನನ್ನು ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ಅವಳನ್ನು ಕೇಳಿದರೆ, "ಮುತ್ಯಾಗ ಮುತ್ಯಾ ಅಂತಿದ್ವಿ. ದೊಡ್ಡವರ ಹೆಸರು ಕೇಳಿದ್ರ ಬೈತಿದ್ರು, ನಾ ಕೇಳ್ಲೇ ಇಲ್ಲ" ಎನ್ನುತ್ತಾಳೆ. ಎಲ್ಲರೂ ಅಷ್ಟು ಮರ್ಯಾದೆ ಕೊಟ್ಟು ಕೊಟ್ಟು ಆ ಮನುಷ್ಯನ ಹೆಸರನ್ನೇ ಕಳೆದುಬಿಟ್ಟಿದ್ದೇವೆ.

ಎರವಲು ಒಯ್ದವರು ವಾಪಸು ಕೊಡಲೆಂದು ಮುತ್ಯಾ ಪ್ರತಿ ಕ್ಯಾಸೆಟ್ಟಿನ ಮೇಲೂ, ಡಿಸ್ಕಿನ ಮೇಲೂ ತನ್ನ ಹೆಸರು ಬರೆಯುತ್ತಿದ್ದನಂತೆ. ಮುಂದೊಂದು ದಿನ ಸಣ್ಣ ಮನೆಗೆ ಹೋಗುವಾಗ, ಎಲ್ಲ ಫೋನಿನಲ್ಲೇ ಇದೆಯಲ್ಲ ಎಂದು ನೀವಿಬ್ಬರೂ ಅವನ್ನು ಗುಜರಿಗೆ ಹಾಕುತ್ತೀರಿ. ಅದಾದ ಮೇಲೆ ಮುತ್ಯಾ ಮಾಳಿಗೆಯ ಮೇಲೆ ಅವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕ್ಯಾಸೆಟ್ಟು ಎಲ್ಲಿ ತಡವರಿಸುತ್ತಿತ್ತೋ ಅಲ್ಲಿ ತಾನೂ ತಡವರಿಸಿ ಹಾಡುತ್ತಿದ್ದ. ಅವ್ವ ಇವತ್ತಿಗೂ ಅಲ್ಲೇ ತಡವರಿಸುತ್ತಾಳೆ. ಅವಳಿಂದ ಕಲಿತ ನಾನೂ ಅಷ್ಟೇ. ಕಾಣದ ಮನುಷ್ಯನಿಗಾಗಿ ಇಷ್ಟು ಜೀವ ಹಂಬಲಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಡಿಸ್ಕೂ ಶಾಶ್ವತವಲ್ಲ, ಬಲ್ಲೆ. ಬೂಷ್ಟು ಹಿಡಿಯುತ್ತದೆ, ಗೀರು ಬೀಳುತ್ತದೆ, ನೂರಾಮೂವತ್ತು ವರ್ಷಕ್ಕೆ ಅದರಿಂದ ಒಂದು ಚಿತ್ರವೂ ಮೂಡದಿರಬಹುದು. ಮೂಡದಿದ್ದರೇನಂತೆ, ಮೇಲೆ ಬರೆದದ್ದನ್ನು ಓದುತ್ತಿದ್ದೆವು.

ಆದ್ದರಿಂದ ಆಯಿ, ಸ್ಟುಡಿಯೋದವರು ಕೇಳಿದಾಗ ಡಿಸ್ಕೂ ಬೇಕು ಅನ್ನಿ. ಅದರ ಮೇಲೆ ಇಬ್ಬರ ಹೆಸರೂ ಬರೆಸಿ. ಅದು ಆಗದಿದ್ದರೆ ಇನ್ನೊಂದು ಮಾಡಿ: ಮುಂದೆ ಮೊಮ್ಮಗಳು ಅಂಗಳದಲ್ಲಿ ಆಡುತ್ತಿರುವಾಗ, ಒಮ್ಮೆ, ಒಡಪಿಲ್ಲದೆ, ನಾಚಿಕೆ ಬಿಟ್ಟು, ನಿಮ್ಮ ಗಂಡನನ್ನು ಹೆಸರು ಹಿಡಿದು ಕರೆಯಿರಿ. ನೆರೆಯವರು ನಕ್ಕರೆ ನಗಲಿ. ಆ ಹುಡುಗಿಯ ಕಿವಿಗೆ ಬಿದ್ದರೆ ಸಾಕು.

ಇವತ್ತು ನನ್ನ ಮಗಳ ಮಗನನ್ನು ತೊಟ್ಟಿಲಿಗೆ ಹಾಕುತ್ತಿದ್ದೇವೆ. ಮುತ್ಯಾನ ಹೆಸರೇ ಇಡಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ನೆಂಟರು ಬಂದಿದ್ದಾರೆ, ಗುಗ್ಗರಿ ಬೆಂದಿದೆ. ಅವ್ವ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು, ಯಾವ ಹೆಸರು ಹೇಳಲಿ ಎಂದು ನನ್ನ ಮುಖ ನೋಡುತ್ತಿದ್ದಾಳೆ.