ರೈಟ್ ಹೇಳುವವರ ಸೀಟು

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಗಾಳಿಯಂತ್ರದ ಕಂಬ ಹತ್ತಿ ಹತ್ತಿ ಬಲಗೈ ಮಣಿಕಟ್ಟು ನೋಯುತ್ತಿದೆ ಎಂದಿದ್ದೆ, ಈಗ ವಾಸಿಯಾಗಿದೆಯೇ? ಆ ದ್ವೀಪದ ಚಳಿಗೆ ನಿಮ್ಮಮ್ಮ ಹೆಣೆದ ಕೈಗವಸು ಸಾಕಾಗುತ್ತಿದೆಯೋ, ಇಲ್ಲ ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು ದಿನಾ ಹಾಕಿಕೊಳ್ಳುತ್ತೇನೆಂದು ನಮಗೆ ಬುರುಡೆ ಬಿಡುತ್ತಿದ್ದೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಅವಳ ಮಂಡಿ ಮಾತ್ರ ಅವಳಷ್ಟೇ ಹಟಮಾರಿ. ಬುಧವಾರ ಫೋನಿನಲ್ಲಿ ನೀನು ಎರಡು ವಿಷಯ ಕೇಳಿದೆ. ಕಂಪನಿಯವರು ಇನ್ನೂ ಮೂರು ವರ್ಷ ಇರು ಅಂತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ಸಹಿ ಹಾಕ್ಲಾ ಅಪ್ಪಾ ಎಂದೆ. ನಾನು ‘ರೈಟ್’ ಎಂದೆ. ಅದು ಅಲ್ಲಿಗೆ ಮುಗಿಯಿತು. ಹಾಗಾದ್ರೆ ನನ್ನ ಕಾರು ಮಾರಿ, ಅಮ್ಮ ಮಾಡಿ ಮಾರೋ ಕೇಕ್ ಸಾಗಿಸೋಕೆ ಅನುಕೂಲ ಆಗೋ ಒಂದು ವ್ಯಾನ್ ತಗೊಳ್ಳಿ ಎಂದೆ. ಅಷ್ಟರಲ್ಲಿ ಲೈನು ಹೋಯಿತು. ಆ ಎರಡನೆಯ ಮಾತಿಗೆ ಉತ್ತರ ಬರೆಯಲು ಕುಳಿತಿದ್ದೇನೆ.

ನೀನು ಹೇಳುವುದು ನ್ಯಾಯವೇ. ನಿನ್ನ ಹಸಿರು ಮಿಡತೆ ಕೇಕ್ ಸಾಗಿಸುವ ಗಾಡಿಯಲ್ಲ. ರೇಸಿಗೆ ಹುಟ್ಟಿದ್ದನ್ನು ದಿನನಿತ್ಯದ ಚಾಕರಿಗೆ ಹಚ್ಚಿದ್ದೇವೆ. ಟೈರಿನ ರಬ್ಬರು ಎಷ್ಟು ತೆಳುವೆಂದರೆ ರಸ್ತೆಯ ಮೇಲೆ ಒಂದು ಕಡ್ಡಿ ಬಿದ್ದಿದ್ದರೂ ಸೊಂಟಕ್ಕೆ ಸುದ್ದಿ ಮುಟ್ಟುತ್ತದೆ. ಮೂವತ್ತೊಂದು ವರ್ಷ ಬಸ್ಸಿನ ಎತ್ತರದ ಸೀಟಿನಲ್ಲಿ ಕುಳಿತು ಊರಿನವರ ನೆತ್ತಿ ನೋಡಿದವನು ಈಗ ಲಾರಿ ಚಕ್ರದ ನಟ್ಟು ನೋಡುತ್ತ ಹೋಗುತ್ತೇನೆ. ಅದರೊಳಗೆ ಕೂರುವುದು ಸುಲಭ, ಬಿದ್ದರಾಯಿತು. ಏಳಬೇಕಾದರೆ ಬಾಗಿಲು, ಸ್ಟೇರಿಂಗು, ದೇವರು ಮೂವರನ್ನೂ ಹಿಡಿದುಕೊಳ್ಳಬೇಕು. ತಿರುವು ಬಂದರೆ ಹಿಂದೆ ಇನ್ನೂ ಮೂವತ್ತು ಅಡಿ ಬಸ್ಸಿದೆ ಎಂಬಂತೆ ಅಗಲಕ್ಕೆ ಎಳೆಯುವ ನನ್ನ ಚಾಳಿಯೂ ಹೋಗಿಲ್ಲ. ನೀನು ತೋರಿಸಿದ್ದ ‘ಸ್ಪೋರ್ಟ್’ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದ್ದೇನೆ, ತರಕಾರಿ ತರಲು ಹೋಗುವಾಗ. ಗುರ್ರೆಂದು ಮುಂದಕ್ಕೆ ನೆಗೆಯಿತು. ಈ ವಯಸ್ಸಿನಲ್ಲಿ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕುಬಿಟ್ಟೆ. ನಿಮ್ಮಮ್ಮನಿಗೆ ಹೇಳಬೇಡ, ಟೊಮೇಟೊ ಹೇಗೆ ಜಜ್ಜಿಹೋಯಿತು ಎಂದು ಅವಳಿನ್ನೂ ತಲೆ ಕೆಡಿಸಿಕೊಂಡಿದ್ದಾಳೆ.

ನಾನು ರಿಟೈರಾದ ವಾರ ನೀನು ಬೀಗದ ಕೈ ಕೊಟ್ಟದ್ದು ನೆನಪಿದೆಯೇ? ಇನ್ಮೇಲೆ ನೀನು ಓಡಿಸಪ್ಪಾ, ಕೇಕ್ ನಾನು ಹಿಡ್ಕೋತೀನಿ ಎಂದು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ನಾನು ಇಂಜಿನ್ ಶುರುಮಾಡಿ, ಗೇರು ಹಾಕಿ, ಸುಮ್ಮನೆ ಕೂತಿದ್ದೆ. ಯಾಕಪ್ಪಾ, ಹೊರಡಲ್ವಾ ಎಂದೆ. ಕಂಡಕ್ಟರ್ ‘ಹೋಲ್ಡಾನ್’ ಅಂದರೆ ನಿಲ್ಲಿಸು, ‘ರೈಟ್’ ಅಂದರೆ ಹೊರಡು. ಆ ಎರಡು ಮಾತಿಗೇ ಪಳಗಿದ ಕಾಲು ಇದು, ತಾನಾಗಿ ಕ್ಲಚ್ ಬಿಡಲೊಲ್ಲದು. ವಿಷಯ ತಿಳಿದು ನೀನು ನಕ್ಕ ನಗೆಗೆ ಡಬ್ಬದೊಳಗಿನ ಕೆನೆಯೇ ಅಲುಗಿತು. ಆಮೇಲೆ ನೀನು ಡ್ಯಾಶ್‌ಬೋರ್ಡಿಗೆ ಎರಡು ಸಲ ಬಡಿದು ‘ರೈಟ್’ ಎಂದೆ. ಅಂದಿನಿಂದ ನೀನೇ ನನ್ನ ಕಂಡಕ್ಟರು. ಹಂಪ್ ಕಂಡರೆ ‘ಹೋಲ್ಡಾನ್’, ದಾಟಿದರೆ ‘ರೈಟ್’. ಒಂದು ಕೇಕೂ ಅಲುಗಲಿಲ್ಲ.

ಈಗ ಡಬ್ಬವನ್ನು ಆ ಸೀಟಿನಲ್ಲಿಟ್ಟು ಬೆಲ್ಟ್ ಹಾಕುತ್ತೇನೆ. ಅದು ಕೆಮ್ಮುವುದೂ ಇಲ್ಲ. ಗೇಟಿನಲ್ಲಿ ಇಂಜಿನ್ ಶುರುಮಾಡಿ ಕೂತಿದ್ದರೆ ಪಕ್ಕದ ಮನೆಯ ದರ್ಜಿ ಬಂದು ಕಿಟಕಿ ತಟ್ಟುತ್ತಾನೆ, ಏನು ಸಾರ್, ಕೆಟ್ಟುಹೋಯ್ತಾ ಎಂದು. ಬ್ಯಾಟರಿ ಬಿಸಿಯಾಗಬೇಕು ಎನ್ನುತ್ತೇನೆ. ಪಾಪ, ನಂಬಿದ್ದಾನೆ. ನಿನ್ನ ಫೋನ್ ಬಂದ ಮರುದಿನ, ಗುರುವಾರ, ಎರಡಂತಸ್ತಿನ ಹುಟ್ಟುಹಬ್ಬದ ಕೇಕ್ ಒಯ್ಯುತ್ತಿದ್ದೆ. ಶಾಲೆಯ ಮುಂದಿನ ಹಂಪನ್ನು ಎತ್ತರಿಸಿದ್ದಾರೆ. ನನಗೆ ಕಾಣದೆ ಏನಿಲ್ಲ, ಕಂಡಿತ್ತು. ಆದರೆ ಕಾಲು ಬ್ರೇಕಿನ ಮೇಲೆ ನಿನ್ನ ದನಿಗಾಗಿ ಕಾಯುತ್ತಿತ್ತು. ಮಿಡತೆ ಹಾರಿತು, ಮೇಲಿನ ಅಂತಸ್ತು ಜಾರಿ ಡಬ್ಬದ ಗೋಡೆಗೆ ಒರಗಿತು. ನಾನು ಪಕ್ಕಕ್ಕೆ ತಿರುಗಿ, ಹೇಳಬಾರದೇನೇ ಎಂದು ಗದರಿದೆ. ಆಮೇಲೆ ಡಬ್ಬದ ಬೆಲ್ಟ್ ಬಿಗಿದು ಅಲ್ಲಿಂದಲೇ ಗಾಡಿ ತಿರುಗಿಸಿದೆ.

ಮನೆಗೆ ವಾಪಸು ತಂದಾಗ ನಿಮ್ಮಮ್ಮ ಕೆನೆ ಕೆರೆದು ಹೊಸದು ಬಳಿದಳು, ಸೀರೆ ಬದಲಿಸಿದಳು, ಮಂಡಿ ಹಿಡಿದುಕೊಂಡು ಆ ತಗ್ಗಿನ ಸೀಟಿನಲ್ಲಿ ತಾನೇ ಕೂತು ಡಬ್ಬ ಹಿಡಿದಳು. ಗೇಟಿನಲ್ಲಿ ನಾನು ಮತ್ತೆ ಸುಮ್ಮನೆ ಕೂತೆ. ನಿಮ್ಮಮ್ಮ ನನ್ನ ಮುಖ ನೋಡಿ, ಮಗಳು ಹೇಳೋ ಥರ ನನಗೆ ಹೇಳೋಕೆ ಬರಲ್ಲ ರೀ, ಹೋಗೋಣ ನಡೀರಿ ಎಂದಳು. ಕೇಕ್ ಸರಿಯಾಗಿ ತಲುಪಿತು.

ಹೀಗಾಗಿ ಕಾರು ಮಾರುವುದಿಲ್ಲ, ಆ ಸೀಟು ನಿನ್ನದು. ವ್ಯಾನಿನ ಮಾತು ಇನ್ನು ಬೇಡ. ಸಮಯಕ್ಕೆ ಸರಿಯಾಗಿ ಉಣ್ಣು. ಕಂಬ ಹತ್ತುವ ಮುಂಚೆ ಹಗ್ಗದ ಕೊಕ್ಕೆಯನ್ನು ಎರಡು ಸಲ ಎಳೆದು ನೋಡು. ನಿಮ್ಮಮ್ಮ ನಿನ್ನ ನೆತ್ತಿಗೆ ಮುತ್ತು ಕಳಿಸಿದ್ದಾಳೆ, ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಮ್ಮ ನಮಸ್ಕಾರ ಹೇಳು.

ಇಂತಿ,
ನಿನ್ನ ಡ್ರೈವರ್ ಅಪ್ಪ

ತಾ.ಕ.: ನಿಮ್ಮಮ್ಮ ಕವರು ಹಿಡಿದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಸಹಿ ಹಾಕ್ಲಾ ಎಂದು ನೀನು ಕೇಳಿದಾಗ ನಾನು ಯೋಚಿಸಿ ಹೇಳಿದ್ದಲ್ಲ. ನೀನು ಹೊರಡುವ ದನಿಯಲ್ಲಿ ಕೇಳಿದೆ, ಬಾಯಿಗೆ ಅದೇ ಬಂತು. ನಾನು ಡ್ರೈವರು, ‘ರೈಟ್’ ಹೇಳುವುದು ನನ್ನ ಕೆಲಸವೇ ಅಲ್ಲ. ಆ ಕಂಪನಿಯ ಕೆಲಸ ನಿನಗೆ ಅಷ್ಟು ಬೇಕೆನಿಸಿದರೆ ಮಾಡು, ತಡೆಯುವುದಿಲ್ಲ. ಆದರೆ ಅಪ್ಪ ಒಪ್ಪಿದ ಎಂದು ಮಾಡಬೇಡ. ಅಪ್ಪ ಒಪ್ಪಿಲ್ಲ. ನೀನಿಲ್ಲದೆ ನಮಗೆ ಹೇಗೋ ನಡೆಯುತ್ತದೆ, ಹಾಗೆ ನಡೆಯುವುದು ನನಗೆ ಬೇಡ. ಈ ಕಾಗದ ಈ ವಾರದ ದೋಣಿಯಲ್ಲೇ ತಲುಪಲಿ. ಪೆನ್ನು ಕೈಯಲ್ಲಿದ್ದರೆ ಕೆಳಗಿಡು ಮಗಳೇ. ಹೋಲ್ಡಾನ್.